ಸಸಿಮಡಿಯಂತಹ ತರಗತಿಗಳು ಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಹೊಸಪೇಟೆ, ಕಂಪ್ಲಿ, ಸಂಡೂರಿನ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಗನನ್ನು ಯಾವ ಕಾಲೇಜಿಗೆ ಸೇರಿಸೋಣ? ಮಗಳಿಗೆ ಯಾವ ವಿಷಯ ಕೊಡಿಸೋಣ? ತಂದೆತಾಯಿಯರು ಶುಲ್ಕವೆಷ್ಟೆಂದು ವಿಚಾರಿಸುತ್ತಾರೆ. ಹಾಸ್ಟೆಲ್ ಇದೆಯೇ, ಬಸ್ಸಿನ ಅನುಕೂಲವಿದೆಯೇ, ಕಳೆದ ವರ್ಷ ಶೇಕಡಾ ಎಷ್ಟು ಮಂದಿ ಉತ್ತೀರ್ಣರಾದರು ಎಂದು ಕೇಳುತ್ತಾರೆ. ಇವೆಲ್ಲವೂ ಕೇಳಬೇಕಾದ ಪ್ರಶ್ನೆಗಳೇ ಸರಿ. ಆದರೆ ಅತ್ಯಂತ ಮುಖ್ಯವಾದ ಪ್ರಶ್ನೆಯೊಂದನ್ನು ಕೇಳುವವರು ವಿರಳ: ಆ ಕಾಲೇಜಿನ ಒಂದು ಕೊಠಡಿಯಲ್ಲಿ ಎಷ್ಟು ಮಂದಿ ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಾರೆ? ಮೂರು ವರ್ಷಗಳ ಅವಧಿಯಲ್ಲಿ ನನ್ನ ಮಗು ಅಲ್ಲಿ ಎದ್ದು ನಿಂತು ತನ್ನ ಸ್ವಂತ ಮಾತಿನಲ್ಲಿ ಒಂದು ವಿಚಾರವನ್ನು ಮಂಡಿಸುವ ಸಂದರ್ಭ ಎಷ್ಟು ಬಾರಿ ಒದಗುತ್ತದೆ?

ಒಂದು ಸರಳ ಲೆಕ್ಕವನ್ನು ನೋಡೋಣ. ಐವತ್ತೈದು ನಿಮಿಷಗಳ ತರಗತಿಯಲ್ಲಿ 80 ಮಂದಿ ಇದ್ದಾರೆಂದುಕೊಳ್ಳಿ. ಅಧ್ಯಾಪಕರು ಒಂದೇ ಒಂದು ಮಾತನ್ನೂ ಆಡದೆ ಇಡೀ ಅವಧಿಯನ್ನು ವಿದ್ಯಾರ್ಥಿಗಳಿಗೇ ಬಿಟ್ಟುಕೊಟ್ಟರೂ ಒಬ್ಬೊಬ್ಬರ ಪಾಲಿಗೆ ಬರುವುದು ನಲವತ್ತೊಂದು ಸೆಕೆಂಡು. ಅಷ್ಟರಲ್ಲಿ ಹೆಸರು ಹೇಳಿ ಗಂಟಲು ಸರಿಪಡಿಸಿಕೊಳ್ಳಬಹುದು, ಅಷ್ಟೆ. ಅದೇ ತರಗತಿಯಲ್ಲಿ 12 ಮಂದಿ ಇದ್ದರೆ ಒಬ್ಬೊಬ್ಬರಿಗೂ ನಾಲ್ಕೂವರೆ ನಿಮಿಷ ದೊರೆಯುತ್ತದೆ. ನಾಲ್ಕೂವರೆ ನಿಮಿಷದಲ್ಲಿ ಒಂದು ಅಭಿಪ್ರಾಯವನ್ನು ಹೇಳಬಹುದು, ಅದಕ್ಕೆ ಕಾರಣ ಕೊಡಬಹುದು, ಎದುರಾದ ಆಕ್ಷೇಪಣೆಗೆ ಉತ್ತರಿಸಬಹುದು, ತಪ್ಪಿದ್ದರೆ ತಿದ್ದಿಕೊಳ್ಳಬಹುದು. ಕಿರು ತರಗತಿಗಳ ಪರವಾಗಿ ಹೇಳಬೇಕಾದ ಮಾತಿನ ಅರ್ಧ ಭಾಗ ಈ ಲೆಕ್ಕದಲ್ಲಿಯೇ ಅಡಗಿದೆ.

ಹೆಸರಿನ ಮೂಲ

‘ಸೆಮಿನಾರ್’ ಎಂಬ ಮಾತು ನಮ್ಮ ಕಡೆ ಬೇರೆಯೇ ಅರ್ಥವನ್ನು ಪಡೆದುಕೊಂಡಿದೆ. ವೇದಿಕೆ, ಪ್ರಾರ್ಥನಾಗೀತೆ, ದೀಪ ಬೆಳಗುವಿಕೆ, ಅತಿಥಿಗಳಿಗೆ ಶಾಲು ಹಾರ, ಬಳಿಕ ದೀರ್ಘ ಭಾಷಣ, ಕೊನೆಗೆ ವಂದನಾರ್ಪಣೆ ಮತ್ತು ಊಟ. ಸಭಿಕರು ಸುಮ್ಮನೆ ಕುಳಿತಿದ್ದು ಪ್ರಮಾಣಪತ್ರ ಪಡೆದು ಮನೆಗೆ ಹೋಗುತ್ತಾರೆ. ಇಲ್ಲಿ ಹೇಳಹೊರಟಿರುವುದು ಆ ಸಮಾರಂಭದ ವಿಷಯವನ್ನಲ್ಲ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ಸೆಮಿನಾರಿಯುಂ’. ಅದರ ಅರ್ಥ ಬೀಜ ಬಿತ್ತಿ ಸಸಿ ಬೆಳೆಸುವ ಪಾತಿ, ನಮ್ಮ ರೈತರ ಮಾತಿನಲ್ಲಿ ಸಸಿಮಡಿ. ಗುರುಅಭ್ಯರ್ಥಿಗಳನ್ನು ಬಾಲ್ಯದಿಂದಲೇ ತರಬೇತುಗೊಳಿಸುವ ಗುರುಮಠವೊಂದು ಪ್ರತಿ ಧರ್ಮಕ್ಷೇತ್ರದಲ್ಲಿಯೂ ಇರಬೇಕೆಂದು 1563ರಲ್ಲಿ ತ್ರೆಂತ್ ಮಹಾಸಭೆ ವಿಧಿಸಿದಾಗ ಬಳಸಿದ್ದು ಇದೇ ಪದವನ್ನು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಭಾಷೆಗಳ ಅಧ್ಯಯನಕ್ಕಾಗಿ ಕೆಲವೇ ವಿದ್ಯಾರ್ಥಿಗಳ ಕೂಟವೊಂದು ಏರ್ಪಟ್ಟಾಗ ಅದಕ್ಕೂ ಇದೇ ಹೆಸರು ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್‌ನ ಇತಿಹಾಸಕಾರ ರಾಂಕೆ ತನ್ನ ಶಿಷ್ಯರನ್ನು ಸುತ್ತ ಕುಳ್ಳಿರಿಸಿಕೊಂಡು ಹಳೆಯ ದಾಖಲೆಗಳನ್ನು ಸಾಲು ಸಾಲಾಗಿ ಓದಿಸಿ ಚರ್ಚಿಸುತ್ತಿದ್ದ. ಅಲ್ಲಿಂದ ಈ ಪದ್ಧತಿ ಲೋಕದ ವಿಶ್ವವಿದ್ಯಾನಿಲಯಗಳಿಗೆಲ್ಲ ಹರಡಿತು. ಗುರುಮಠ ಮತ್ತು ಕಿರು ತರಗತಿ, ಇವೆರಡೂ ಒಂದೇ ಹೊಲದ ಭಾಷೆಯಿಂದ ಹುಟ್ಟಿದ ಅವಳಿ ಪದಗಳು.

ಸಸಿಮಡಿಯ ಮಹತ್ವವನ್ನು ಕಂಪ್ಲಿಯ ಜನರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಆ ನಾಡಿನಲ್ಲಿ ಹತ್ತು ಎಕರೆ ಗದ್ದೆಯ ನಾಟಿಗೆ ಸುಮಾರು ಒಂದು ಎಕರೆಯಷ್ಟು ಸಸಿಮಡಿ ಸಾಕು. ಮಡಿ ಚಿಕ್ಕದಾದ್ದರಿಂದ ರೈತನ ಕಣ್ಣು ಮೂಲೆಮೂಲೆಗೂ ಹೋಗುತ್ತದೆ. ನೀರು ಹೆಚ್ಚಾಯಿತೇ, ಎಲೆ ಹಳದಿಯಾಯಿತೇ, ಕಳೆ ಬಂದಿತೇ ಎಂಬುದು ಆ ದಿನವೇ ತಿಳಿಯುತ್ತದೆ. ಇಪ್ಪತ್ತೈದು ಮೂವತ್ತು ದಿನಗಳ ಆರೈಕೆಯಲ್ಲಿ ಬೇರು ಬಲಿತ ಸಸಿ ಮುಂದೆ ವಿಸ್ತಾರವಾದ ಗದ್ದೆಯಲ್ಲಿ ತಾನಾಗಿ ನಿಲ್ಲುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಮೊಳಕೆಯನ್ನು ಹತ್ತಿರದಿಂದ ನೋಡುವವರಿದ್ದರೆ ಮಾತ್ರ ಆ ಸಿರಿ ಕಣ್ಣಿಗೆ ಬೀಳುತ್ತದೆ.

ಅಲ್ಲಿ ನಡೆಯುವುದೇನು?

ನಿಜವಾದ ಕಿರು ತರಗತಿಯ ಕ್ರಮ ಬಹಳ ಸರಳ. ಹತ್ತರಿಂದ ಹದಿನೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಆ ದಿನ ಚರ್ಚಿಸಬೇಕಾದ ಪಠ್ಯವನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದಿರಬೇಕು. ಒಬ್ಬ ವಿದ್ಯಾರ್ಥಿ ತಾನು ಬರೆದ ಎರಡು ಮೂರು ಪುಟಗಳನ್ನು ಓದುತ್ತಾನೆ. ಉಳಿದವರು ಪ್ರಶ್ನಿಸುತ್ತಾರೆ. ಅಧ್ಯಾಪಕರು ಕಡಿಮೆ ಮಾತನಾಡಿ, ಚರ್ಚೆ ದಾರಿತಪ್ಪಿದಾಗ ಹಿಡಿದು ನಿಲ್ಲಿಸಿ, ಕೊನೆಯಲ್ಲಿ ತಮ್ಮ ಅಭಿಪ್ರಾಯವನ್ನು ಸೇರಿಸುತ್ತಾರೆ. ‘ಹೀಗೆಂದು ನಿನಗೆ ಹೇಗೆ ಗೊತ್ತು?’ ಎಂಬುದೇ ಆ ಕೊಠಡಿಯ ಮುಖ್ಯ ಪ್ರಶ್ನೆ.

ಇದಕ್ಕೆ ನಮ್ಮ ನೆಲದಲ್ಲಿರುವಷ್ಟು ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ. ಒಂದು ಉದಾಹರಣೆಯನ್ನು ಗಮನಿಸಿ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಜನು ಎರಡು ಬೆಟ್ಟಗಳ ನಡುವೆ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದುದನ್ನು ಕಂಡೆನೆನ್ನುತ್ತಾನೆ. ಏರಿ ಮತ್ತೆ ಮತ್ತೆ ಒಡೆದುದರಿಂದ ಅರವತ್ತು ಮನುಷ್ಯರನ್ನೂ ಕೆಲವು ಕುದುರೆ, ಕೋಣಗಳನ್ನೂ ಬಲಿಕೊಡಲಾಯಿತೆಂದು ಬರೆದಿದ್ದಾನೆ. ಕೆಲವು ವರ್ಷಗಳ ತರುವಾಯ ಬರೆದ ನ್ಯೂನಿಜ್ ಎಂಬ ಕುದುರೆ ವ್ಯಾಪಾರಿ ಇದೇ ಬಗೆಯ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುತ್ತಾನೆ. ಅವನ ಪ್ರಕಾರ ಬಲಿಯಾದವರು ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳು. ಕಾಮಗಾರಿಗೆ ಪೋರ್ಚುಗೀಸ್ ಕಲ್ಲುಕೆಲಸಗಾರನೊಬ್ಬನ ನೆರವು ದೊರಕಿತೆಂದೂ ಅವನು ಸೇರಿಸುತ್ತಾನೆ. ಇಬ್ಬರ ಬರವಣಿಗೆಯೂ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅನುವಾದಗೊಂಡಿದೆ.

ದೊಡ್ಡ ತರಗತಿಯಲ್ಲಿ ಇದು ‘ಕೃಷ್ಣದೇವರಾಯನು ಕೆರೆಗಳನ್ನು ಕಟ್ಟಿಸಿದನು’ ಎಂಬ ಒಂದು ಸಾಲಿನ ಟಿಪ್ಪಣಿಯಾಗಿ ಮುಗಿಯುತ್ತದೆ. ಹನ್ನೆರಡು ಮಂದಿಯ ತರಗತಿಯಲ್ಲಾದರೆ ಪ್ರಶ್ನೆಗಳು ಏಳುತ್ತವೆ. ಪಾಯೆಸ್ ಕೆಲಸಗಾರರನ್ನು ಕಣ್ಣಾರೆ ಕಂಡನು, ಸರಿ. ಬಲಿಯನ್ನೂ ಕಂಡನೇ, ಅಥವಾ ಯಾರೋ ಹೇಳಿದ್ದನ್ನು ಕೇಳಿ ಬರೆದನೇ? ಇಬ್ಬರ ಹೇಳಿಕೆಗಳು ಭಿನ್ನವಾಗಿರುವಾಗ ಯಾರನ್ನು ನಂಬಬೇಕು? ಪರದೇಶದವನು ಮತ್ತೊಂದು ಮತದ ಜನರ ವಿಷಯವಾಗಿ ಬರೆಯುವಾಗ ಉತ್ಪ್ರೇಕ್ಷೆ ನುಸುಳುವುದಿಲ್ಲವೇ? ನ್ಯೂನಿಜ್ ತನ್ನ ದೇಶದವನ ನೆರವನ್ನು ಹೊಗಳಿದ್ದರಲ್ಲಿ ಅಭಿಮಾನದ ಪಾಲೆಷ್ಟು? ಈ ಕೆರೆಯನ್ನು ವಿದ್ವಾಂಸರು ಸಾಮಾನ್ಯವಾಗಿ ಹೊಸಪೇಟೆಯ ದಕ್ಷಿಣದಲ್ಲಿ, ಸಂಡೂರು ಬೆಟ್ಟಗಳ ಬಾಯಿಯಲ್ಲಿರುವ ರಾಯರ ಕೆರೆಯೆಂದು ಗುರುತಿಸುತ್ತಾರೆ. ಮರುದಿನ ಆ ಹನ್ನೆರಡು ಮಂದಿಯೂ ಅಲ್ಲಿಗೆ ಹೋಗಿ ಬರಬಹುದು. ಎಂಬತ್ತು ಮಂದಿಯನ್ನು ಕರೆದೊಯ್ದರೆ ಅದು ಪ್ರವಾಸವಾಗುತ್ತದೆ. ಹನ್ನೆರಡು ಮಂದಿಯನ್ನು ಕರೆದೊಯ್ದರೆ ಪಾಠವಾಗುತ್ತದೆ. ‘ದೇಶ ಸುತ್ತು, ಕೋಶ ಓದು’ ಎಂಬ ಮಾತಿನ ಎರಡು ಭಾಗಗಳೂ ಆಗ ಒಂದೇ ವಾರದಲ್ಲಿ ಕೂಡಿಬರುತ್ತವೆ.

ಇತಿಹಾಸ ಹಳೆಯ ವಿಷಯವಾಯಿತೆನ್ನುವವರು ಸಂಡೂರಿನ ಕಡೆಗೆ ನೋಡಲಿ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ತಡೆಹಿಡಿಯಿತು. ಅದೇ ತಿಂಗಳು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಸಲ್ಲಿಕೆಯಾಗಿತ್ತು. ಅಕ್ರಮಗಳು ನಿಂತವು, ಅದರೊಂದಿಗೆ ಲಾರಿ ಚಾಲಕರ, ದಿನಗೂಲಿಗಳ ಒಲೆಗಳೂ ತಣ್ಣಗಾದವು. 2013ರ ತೀರ್ಪಿನಲ್ಲಿ ಗಣಿಗಳ ವರ್ಗೀಕರಣವನ್ನು ಒಪ್ಪಿ ನಿಬಂಧನೆಗಳೊಡನೆ ಕೆಲಸಕ್ಕೆ ದಾರಿ ಮಾಡಿಕೊಡಲಾಯಿತು. ಈ ವಿಷಯದಲ್ಲಿ ಸಂಡೂರಿನ ಪ್ರತಿ ಮನೆಗೂ ಒಂದೊಂದು ಅಭಿಪ್ರಾಯವಿದೆ. ಅರಣ್ಯ ಕಳೆದುಕೊಂಡವನ ಮಗ, ಗಣಿಯಲ್ಲಿ ದುಡಿದವನ ಮಗಳು, ಕೆಂಪು ಧೂಳು ಮುಚ್ಚಿದ ಹೊಲದ ಒಡೆಯನ ಮಗ, ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಪರಸ್ಪರರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು ಸಣ್ಣ ಸಾಧನೆಯಲ್ಲ. ಸಂಡೂರು ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಕಲಿಸಲಾಗುತ್ತದೆ. ಅದಿರನ್ನು ಶುದ್ಧಗೊಳಿಸುವ ತಂತ್ರವನ್ನು ಪ್ರಯೋಗಾಲಯದಲ್ಲಿ ಕಲಿಯಬಹುದು. ಅದಿರನ್ನು ಎಷ್ಟು ತೆಗೆಯಬೇಕು, ಯಾರ ಹಿತಕ್ಕಾಗಿ ತೆಗೆಯಬೇಕು ಎಂಬ ವಿವೇಕ ಚರ್ಚೆಯ ಮೇಜಿನಲ್ಲಿಯೇ ಬರಬೇಕು.

ನಮ್ಮ ನೆರೆಯಲ್ಲಿಯೇ ಒಂದು ಪ್ರಯೋಗ

ಸಂಖ್ಯೆಗಿಂತ ಆಳಕ್ಕೆ ಬೆಲೆಕೊಟ್ಟ ಒಂದು ಸಂಸ್ಥೆ ನಮ್ಮ ಪಕ್ಕದಲ್ಲಿಯೇ ಇದೆ. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯ ನೂರಾರು ಪದವಿ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ಹೊಣೆಯನ್ನು ಹೊತ್ತುಕೊಳ್ಳಲಿಲ್ಲ. ಮೊದಲ ಕುಲಪತಿ ಡಾ. ಚಂದ್ರಶೇಖರ ಕಂಬಾರರ ಕಾಲದಿಂದಲೂ ಸಂಶೋಧನೆಯೇ ಅದರ ಮುಖ್ಯ ಕಾಯಕ. ಕನ್ನಡದಲ್ಲಿಯೇ ಆಲೋಚಿಸಿ, ಕನ್ನಡದಲ್ಲಿಯೇ ಪ್ರಬಂಧ ಬರೆದು, ಮಾರ್ಗದರ್ಶಕರ ಎದುರು ಕುಳಿತು ಅದನ್ನು ಸಮರ್ಥಿಸಿಕೊಂಡ ಎಷ್ಟೋ ಮಂದಿ ಹಳ್ಳಿಗಳಿಂದ ಬಂದವರು, ತಮ್ಮ ಮನೆತನದಲ್ಲಿ ಮೊದಲು ಅಕ್ಷರ ಕಲಿತವರು. ಈಚಿನ ವರ್ಷಗಳಲ್ಲಿ ಆ ವಿಶ್ವವಿದ್ಯಾಲಯ ಅನುದಾನದ ಕೊರತೆಯಿಂದ ಬಳಲುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬಂದಿದೆ. ಎಷ್ಟು ಮಂದಿಗೆ ಕಲಿಸಿದಿರಿ ಎಂದು ಮಾತ್ರ ಕೇಳಿ, ಎಷ್ಟು ಚೆನ್ನಾಗಿ ಕಲಿಸಿದಿರಿ ಎಂದು ಕೇಳದ ಕಾಲದಲ್ಲಿ ಇಂತಹ ಸಂಸ್ಥೆಗಳು ಸೊರಗುವುದು ಆಶ್ಚರ್ಯವೇನಲ್ಲ.

ಪದವಿ ಕಾಲೇಜುಗಳಲ್ಲಿ ಅಪಾಯ ಇನ್ನೂ ಹತ್ತಿರದಲ್ಲಿದೆ. ವಾಣಿಜ್ಯ ವಿಭಾಗದಲ್ಲಿ ಬೆಂಚು ಸಾಲದಷ್ಟು ವಿದ್ಯಾರ್ಥಿಗಳು; ಇತಿಹಾಸ, ಐಚ್ಛಿಕ ಕನ್ನಡ, ಗಣಿತ, ಭೌತಶಾಸ್ತ್ರಗಳಲ್ಲಿ ಎಂಟೋ ಹತ್ತೋ ಮಂದಿ. ಸಂಖ್ಯೆ ಕಡಿಮೆಯಾಯಿತೆಂದು ಅಂತಹ ವಿಷಯಗಳನ್ನೇ ಕೈಬಿಡುವ ಯೋಚನೆ ಆಡಳಿತದವರಿಗೆ ಬರುತ್ತದೆ. ‘ಹುಡುಗರೇ ಇಲ್ಲದ ವಿಭಾಗಕ್ಕೆ ಮಗಳನ್ನು ಸೇರಿಸುವುದೇ?’ ಎಂದು ತಂದೆತಾಯಿಯರೂ ಹಿಂಜರಿಯುತ್ತಾರೆ. ಆ ಒಂಬತ್ತು ಮಂದಿಯ ತರಗತಿಯಲ್ಲಿ ಅಧ್ಯಾಪಕರಿಗೆ ಪ್ರತಿಯೊಬ್ಬಳ ಹೆಸರೂ, ಬರವಣಿಗೆಯೂ, ದೌರ್ಬಲ್ಯವೂ ಗೊತ್ತಿರುತ್ತದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಶ್ರೀಮಂತ ದೇಶಗಳ ವಿದ್ಯಾರ್ಥಿಗಳು ಭಾರಿ ಶುಲ್ಕ ತೆತ್ತು ಪಡೆಯುವ ಸೌಲಭ್ಯ ನಮ್ಮಲ್ಲಿ ಖಾಲಿ ಬೆಂಚುಗಳ ರೂಪದಲ್ಲಿ ಬಂದಿರುವಾಗ ಅದನ್ನು ನಾವು ದೌರ್ಭಾಗ್ಯವೆಂದು ಭಾವಿಸುತ್ತೇವೆ.

ಸಂತ ನ್ಯೂಮನ್ನರ ಹಟ

ಈ ವಿಷಯದಲ್ಲಿ ಸ್ಮರಿಸಬೇಕಾದ ಹಿರಿಯರೊಬ್ಬರಿದ್ದಾರೆ. ಜಾನ್ ಹೆನ್ರಿ ನ್ಯೂಮನ್ 1826ರಲ್ಲಿ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಬೋಧಕರಾಗಿ ನೇಮಕಗೊಂಡರು. ಆಗ ಅವರು ಆಂಗ್ಲಿಕನ್ ಸಭೆಯ ಗುರು. ಬೋಧಕನ ಕೆಲಸ ಪಾಠ ಒಪ್ಪಿಸುವುದಷ್ಟೇ ಅಲ್ಲ, ತನಗೆ ಒಪ್ಪಿಸಲಾದ ಕೆಲವೇ ವಿದ್ಯಾರ್ಥಿಗಳ ಬುದ್ಧಿ ಮತ್ತು ನಡತೆ ಎರಡನ್ನೂ ಕುರಿಗಾಹಿಯಂತೆ ನೋಡಿಕೊಳ್ಳುವುದು ಎಂಬುದು ಅವರ ನಿಲುವು. ಕಾಲೇಜಿನ ಮುಖ್ಯಸ್ಥರಾದ ಹಾಕಿನ್ಸ್ ಇದನ್ನು ಒಪ್ಪಲಿಲ್ಲ. 1830ರಲ್ಲಿ ನ್ಯೂಮನ್ನರಿಗೆ ಹೊಸ ವಿದ್ಯಾರ್ಥಿಗಳನ್ನು ಕಳುಹಿಸುವುದನ್ನೇ ನಿಲ್ಲಿಸಲಾಯಿತು. ಅವರು ಹುದ್ದೆಯನ್ನು ಕಳೆದುಕೊಂಡರೂ ನಿಲುವನ್ನು ಬಿಡಲಿಲ್ಲ.

1845ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಅವರು 1852ರಲ್ಲಿ ಡಬ್ಲಿನ್‌ನಲ್ಲಿ ವಿಶ್ವವಿದ್ಯಾನಿಲಯದ ಧ್ಯೇಯವನ್ನು ಕುರಿತು ನೀಡಿದ ಉಪನ್ಯಾಸಗಳು ಇಂದಿಗೂ ಶಿಕ್ಷಣ ಚಿಂತಕರ ಕೈಪಿಡಿಯಾಗಿವೆ. ಕೇವಲ ಪರೀಕ್ಷೆ ನಡೆಸಿ ಪದವಿ ಹಂಚುವ ಸಂಸ್ಥೆಗಿಂತ, ಯುವಕರನ್ನು ಒಂದೆಡೆ ಕೂಡಿಸಿ ಒಬ್ಬರಿಂದೊಬ್ಬರು ಕಲಿಯಲು ಬಿಡುವ ಸಂಸ್ಥೆಯೇ ಮೇಲೆಂದು ಅವರು ಅಲ್ಲಿ ವಾದಿಸಿದರು. 2019ರ ಅಕ್ಟೋಬರಿನಲ್ಲಿ ಅವರನ್ನು ಸಂತರೆಂದು ಸಾರಲಾಯಿತು. 2025ರ ನವೆಂಬರ್ 1ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಕೆಲವೇ ವಿದ್ಯಾರ್ಥಿಗಳಿಗಾಗಿ ಹುದ್ದೆಯನ್ನು ಪಣಕ್ಕಿಟ್ಟ ಅಧ್ಯಾಪಕನಿಗೆ ಸಂದ ಗೌರವವೆಂದೂ ಇದನ್ನು ತಿಳಿಯಬಹುದು.

ಆಕ್ಷೇಪಣೆಗಳು

ಕಿರು ತರಗತಿಯೇ ಸರ್ವರೋಗಕ್ಕೂ ಮದ್ದೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದ ಮಾತು. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ಪ್ರಸಿದ್ಧ ಅಧ್ಯಯನವೊಂದು 13ರಿಂದ 17 ಮಕ್ಕಳ ತರಗತಿಗಳು 22ರಿಂದ 25 ಮಕ್ಕಳ ತರಗತಿಗಳಿಗಿಂತ ಉತ್ತಮ ಫಲ ಕೊಟ್ಟುದನ್ನು ತೋರಿಸಿತು. ಆದರೆ ಅದು ಎಳೆಯ ಮಕ್ಕಳ ಶಾಲೆಗೆ ಸಂಬಂಧಿಸಿದ್ದು. ಅದನ್ನು ಕಾಲೇಜಿಗೆ ಹಾಗೆಯೇ ಅನ್ವಯಿಸಲಾಗದು. ಒಳ್ಳೆಯ ಉಪನ್ಯಾಸವನ್ನು ಇನ್ನೂರು ಮಂದಿಯೂ ಒಟ್ಟಿಗೆ ಕೇಳಬಹುದು. ಹತ್ತೇ ಮಂದಿಯ ಎದುರು ಕುಳಿತು ಹಳೆಯ ಟಿಪ್ಪಣಿಯನ್ನು ಬರೆಸುವ ಅಧ್ಯಾಪಕರಿಂದ ಪ್ರಯೋಜನವೇನೂ ಇಲ್ಲ. ಮೇಜಿನ ಸುತ್ತ ಕುಳಿತಾಗ ಇಂಗ್ಲಿಷ್ ಬಲ್ಲ ಇಬ್ಬರೇ ಮಾತನಾಡಿ, ಹಳ್ಳಿಯಿಂದ ಬಂದ ಹುಡುಗಿ ತಲೆತಗ್ಗಿಸಿ ಕುಳಿತರೆ ಆ ತರಗತಿ ಸೋತಂತೆಯೇ. ಮೌನಿಯನ್ನು ಮಾತಿಗೆಳೆಯುವುದು, ಅವಳಿಗೆ ಕನ್ನಡದಲ್ಲಿ ಹೇಳಲು ಧೈರ್ಯ ಕೊಡುವುದು ಅಧ್ಯಾಪಕರ ಮೊದಲ ಕರ್ತವ್ಯ.

ಇನ್ನು ಹಣದ ಪ್ರಶ್ನೆ. ಎಂಬತ್ತು ಮಂದಿಯನ್ನು ಏಳು ಗುಂಪುಗಳಾಗಿ ವಿಂಗಡಿಸಿದರೆ ಏಳು ಮಂದಿ ಅಧ್ಯಾಪಕರು ಬೇಕಲ್ಲವೇ? ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ನಂಬಿಕೊಂಡೇ ನಡೆಯುತ್ತಿವೆ. ಸೇವಾಭದ್ರತೆಗಾಗಿ ಅವರು ಹಲವು ಬಾರಿ ಮುಷ್ಕರ ಹೂಡಿದ್ದಾರೆ. ಮುಂದಿನ ವರ್ಷ ತಾನು ಇಲ್ಲಿರುವೆನೋ ಇಲ್ಲವೋ ತಿಳಿಯದ ಅಧ್ಯಾಪಕರಿಂದ ಸಸಿಮಡಿಯ ಆರೈಕೆಯನ್ನು ಹೇಗೆ ನಿರೀಕ್ಷಿಸಲಾದೀತು? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಖಾಯಂ ಅಧ್ಯಾಪಕರ ನೇಮಕಕ್ಕೆ ಬದಲಿ ದಾರಿಯಿಲ್ಲ.

ಆದರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಯೇಸುಸಭೆಯ ಗುರುಗಳು 1599ರಲ್ಲಿ ತಮ್ಮ ಶಾಲೆಗಳಿಗಾಗಿ ಅಂತಿಮಗೊಳಿಸಿದ ಶಿಕ್ಷಣಕ್ರಮದಲ್ಲಿ ಒಂದು ಜಾಣ ಉಪಾಯವಿದೆ. ದೊಡ್ಡ ತರಗತಿಯನ್ನು ಹತ್ತು ಹತ್ತು ಮಂದಿಯ ತಂಡಗಳಾಗಿ ವಿಭಾಗಿಸಿ, ಪ್ರತಿ ತಂಡಕ್ಕೂ ಒಬ್ಬ ವಿದ್ಯಾರ್ಥಿಯನ್ನೇ ನಾಯಕನನ್ನಾಗಿ ಮಾಡಲಾಗುತ್ತಿತ್ತು. ಉಳಿದವರ ಪಾಠವನ್ನು ಒಪ್ಪಿಸಿಕೊಳ್ಳುವುದು ಅವನ ಹೊಣೆ. ಕಲಿತುದನ್ನು ದಿನವೂ ಮೆಲುಕು ಹಾಕುವುದು, ಆಗಾಗ ವಾದಸ್ಪರ್ಧೆ ನಡೆಸುವುದು ಆ ಕ್ರಮದ ಅಂಗಗಳು. ನಾನೂರು ವರ್ಷಗಳ ಹಿಂದಿನ ಈ ವ್ಯವಸ್ಥೆಗೆ ಹೆಚ್ಚುವರಿ ವೇತನವೂ ಬೇಡ, ಹೊಸ ಕಟ್ಟಡವೂ ಬೇಡ. ವಾರಕ್ಕೆ ಒಂದೇ ಅವಧಿಯನ್ನು ಉಪನ್ಯಾಸದಿಂದ ಬಿಡಿಸಿ, ಎಂಬತ್ತು ಮಂದಿಯನ್ನು ಎಂಟು ತಂಡಗಳಾಗಿ ಮಾಡಿ, ಒಂದೊಂದಕ್ಕೂ ಒಂದು ಪುಟದ ಪಠ್ಯವನ್ನೂ ಎರಡು ಪ್ರಶ್ನೆಗಳನ್ನೂ ಕೊಟ್ಟರೆ ಆರಂಭಕ್ಕೆ ಅಷ್ಟು ಸಾಕು. ಅಧ್ಯಾಪಕರು ಪ್ರತಿ ವಾರ ಒಂದೊಂದು ತಂಡದೊಡನೆ ಕುಳಿತರೂ ಎಂಟು ವಾರಗಳಲ್ಲಿ ಎಲ್ಲರ ಮಾತನ್ನೂ ಒಮ್ಮೆ ಕೇಳಿದಂತಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಜಾತಿ ಕಸುಬುಗಳ ಭೇದವೆಣಿಸದೆ ಕೂಡಿ ಕುಳಿತು ಚರ್ಚಿಸಿದ ಅನುಭವ ಮಂಟಪದ ನೆನಪಿರುವ ನಾಡಿಗೆ ಇದು ಅಪರಿಚಿತ ಪದ್ಧತಿಯೇನೂ ಅಲ್ಲ.

ನಮ್ಮ ಮನೆಗಳ ಹೊಣೆ

1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರದ ಈ ಭಾಗದಲ್ಲಿ ಕಥೋಲಿಕ ಕುಟುಂಬಗಳು ಸಂಖ್ಯೆಯಲ್ಲಿ ಕಡಿಮೆ, ಊರಿಂದೂರಿಗೆ ಚದುರಿಹೋಗಿವೆ. ಎಣಿಕೆಯಲ್ಲಿ ಚಿಕ್ಕದಾದುದು ಬೆಲೆಯಲ್ಲಿ ಚಿಕ್ಕದಲ್ಲವೆಂಬುದನ್ನು ನಾವು ಬಲ್ಲೆವು. ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಯರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಶಿಕ್ಷಣ ಘೋಷಣೆಯಲ್ಲಿ ನೆನಪಿಸಿತು. ಆ ಹೊಣೆ ಮಗುವನ್ನು ಕಾಲೇಜಿಗೆ ಸೇರಿಸಿದ ದಿನವೇ ಮುಗಿಯುವುದಿಲ್ಲ.

ಕಾಲೇಜಿನ ಪ್ರವೇಶಕ್ಕೆ ಹೋದಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳೋಣ. ಮಗು ಆರಿಸಿಕೊಂಡ ವಿಷಯದ ತರಗತಿಯಲ್ಲಿ ಎಷ್ಟು ಮಂದಿ ಇದ್ದಾರೆ? ವಿದ್ಯಾರ್ಥಿಗಳು ತಾವೇ ಬರೆದು ಮಂಡಿಸುವ ಅವಕಾಶ ವರ್ಷಕ್ಕೆ ಎಷ್ಟು ಬಾರಿ ಬರುತ್ತದೆ? ಬರೆದುದನ್ನು ತಿದ್ದಿ ಹಿಂದಿರುಗಿಸುವವರು ಯಾರು? ಈ ಪ್ರಶ್ನೆಗಳನ್ನು ಹತ್ತು ಮಂದಿ ಪೋಷಕರು ಕೇಳಿದರೆ ಆಡಳಿತ ಮಂಡಳಿ ಉತ್ತರವನ್ನು ಹುಡುಕತೊಡಗುತ್ತದೆ. ಮಗಳು ಒಂಬತ್ತು ಮಂದಿಯ ವಿಭಾಗವನ್ನು ಇಷ್ಟಪಟ್ಟು ಆರಿಸಿಕೊಂಡರೆ ‘ಅಲ್ಲಿ ಯಾರೂ ಇಲ್ಲ’ ಎಂದು ತಡೆಯದಿರೋಣ. ಅಲ್ಲಿ ಅವಳಿರುತ್ತಾಳೆ, ಅವಳನ್ನು ಬಲ್ಲ ಅಧ್ಯಾಪಕರಿರುತ್ತಾರೆ. ಭಾನುವಾರದ ಬಲಿಪೂಜೆಯ ಬಳಿಕ ದೇವಾಲಯದ ಸಭಾಂಗಣ ಒಂದು ಗಂಟೆ ತೆರೆದಿದ್ದರೆ ಹತ್ತು ಮಂದಿ ಕಾಲೇಜು ಮಕ್ಕಳು ಒಂದು ಲೇಖನವನ್ನು ಓದಿ ಚರ್ಚಿಸಬಹುದು. ನೆರೆಯ ಅನ್ಯಮತೀಯ ಗೆಳೆಯರಿಗೂ ಅಲ್ಲಿ ಕುರ್ಚಿಯಿರಲಿ. ರಾತ್ರಿಯ ಊಟದ ವೇಳೆಯಲ್ಲಿ ‘ಇಂದು ಎಷ್ಟು ಅಂಕ ಬಂತು?’ ಎಂಬ ಪ್ರಶ್ನೆಯ ಜೊತೆಗೆ ‘ಇಂದು ನೀನು ಏನನ್ನು ಕೇಳಿದೆ?’ ಎಂಬ ಪ್ರಶ್ನೆಯೂ ಇರಲಿ.

ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಕಾಣೆಯಾದ ಪ್ರಸಂಗವನ್ನು ಸಂತ ಲೂಕನು ಬರೆದಿದ್ದಾನೆ. ಮರಿಯಮ್ಮನೂ ಜೋಸೆಫನೂ ಮೂರು ದಿನ ಹುಡುಕಿ ಕಂಗೆಟ್ಟ ಬಳಿಕ ಮಗ ಸಿಕ್ಕಿದ್ದು ದೇವಾಲಯದಲ್ಲಿ, ಬೋಧಕರ ನಡುವೆ. ಅವನು ಅಲ್ಲಿ ಅವರ ಮಾತನ್ನು ಆಲಿಸುತ್ತಿದ್ದ, ಅವರನ್ನು ಪ್ರಶ್ನಿಸುತ್ತಲೂ ಇದ್ದ. ಆ ಬೋಧಕರ ಹೆಸರು ನಮಗೆ ತಿಳಿಯದು. ಆದರೆ ಹಳ್ಳಿಯಿಂದ ಬಂದ ಬಡಗಿಯ ಮನೆಯ ಹುಡುಗನೊಬ್ಬನನ್ನು ಅವರು ಅತ್ತ ಸರಿಸಲಿಲ್ಲ, ನಡುವೆ ಕುಳ್ಳಿರಿಸಿಕೊಂಡರು, ಅವನ ಪ್ರಶ್ನೆಗಳಿಗೆ ಕಿವಿಗೊಟ್ಟರು. ಹೊಸಪೇಟೆಯ, ಕಂಪ್ಲಿಯ, ಸಂಡೂರಿನ ನಮ್ಮ ಮಕ್ಕಳಿಗೂ ಅಂತಹ ಒಂದು ಸ್ಥಾನ ದೊರಕಲಿ.